ಸುಂದರಿ ಸ್ಪರ್ಧೆಯ ಸುದ್ದಿ: ಎಷ್ಟು ವರದಿ, ಎಷ್ಟು ಜಾಹೀರಾತು?

ಔಷಧಿ ಅಂಗಡಿಯಲ್ಲಿ ಒಂದು ಕೆಮ್ಮಿನ ಸಿರಪ್ ಕೊಂಡರೆ ನೀವು ಏನು ಮಾಡುತ್ತೀರಿ? ಶೀಶೆಯನ್ನು ತಿರುಗಿಸಿ, ತಯಾರಾದದ್ದು ಯಾವಾಗ, ಅವಧಿ ಮುಗಿಯುವುದು ಯಾವಾಗ, ಯಾವ ಕಂಪನಿಯದು ಎಂದು ನೋಡುತ್ತೀರಿ. ಮಕ್ಕಳಿಗೆ ಎಷ್ಟು ಚಮಚ ಎಂದು ಕೇಳುತ್ತೀರಿ. ಅದೇ ಮನೆಗೆ ಬೆಳಿಗ್ಗೆ ಬರುವ ಪತ್ರಿಕೆಯಲ್ಲಿ 'ಕಿರೀಟ ಗೆದ್ದ ಚೆಲುವೆಯ ಸೌಂದರ್ಯ ರಹಸ್ಯ' ಎಂಬ ಬರಹವಿದ್ದರೆ ಮಾತ್ರ ಅದನ್ನು ತಿರುಗಿಸಿ ನೋಡುವವರು ಯಾರೂ ಇಲ್ಲ. ಹಿಂದೆ ಹುಡುಗಿಯರು ಅದನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿಕೊಳ್ಳುತ್ತಿದ್ದರು. ಈಗ ಮೊಬೈಲಿನಲ್ಲಿ ಉಳಿಸಿಕೊಳ್ಳುತ್ತಾರೆ. ಮರುದಿನದಿಂದ ಬೆಳಗಿನ ತಿಂಡಿ ಬಂದ್. ರಾತ್ರಿ ಅನ್ನ ಬೇಡ. ತಾಯಿ ಗದರಿಸಿದರೆ ಪತ್ರಿಕೆಯ ಆ ಪುಟವೇ ಉತ್ತರ: "ನೋಡಮ್ಮ, ಇಲ್ಲೇ ಬರೆದಿದ್ದಾರೆ."

ಅಂದರೆ ಆ ಬರಹ ಆ ಮನೆಯ ಮಟ್ಟಿಗೆ ಡಾಕ್ಟರ ಚೀಟಿಯ ಕೆಲಸ ಮಾಡುತ್ತದೆ. ಆದರೆ ಚೀಟಿ ಬರೆದವರು ವೈದ್ಯರಲ್ಲ, ಅವರು ನಿಮ್ಮ ಮಗಳನ್ನು ನೋಡಿಯೂ ಇಲ್ಲ. ಸೌಂದರ್ಯ ಸ್ಪರ್ಧೆಗಳು ಇರಬೇಕೇ ಬೇಡವೇ ಎಂಬ ಚರ್ಚೆಗೆ ಈ ಅಂಕಣ ಹೋಗುವುದಿಲ್ಲ. ಅವುಗಳ ಸುದ್ದಿಯನ್ನು ಓದುವ ಬಗೆ ಹೇಗೆ ಎಂಬುದಷ್ಟೇ ಈ ವಾರದ ವಿಷಯ. ಒಂದು ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ.

ಮೊದಲು ಈ ವರದಿಯನ್ನು ಓದಿ. ಇದು ಯಾವುದೇ ನಿಜವಾದ ಸ್ಪರ್ಧೆಯ ವರದಿಯಲ್ಲ. ಇಂಥ ಸುದ್ದಿಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತುಗಳನ್ನು ಸೇರಿಸಿ ನಾನೇ ಹೆಣೆದದ್ದು:

"ನಗರದ ತಾರಾ ಹೋಟೆಲಿನಲ್ಲಿ ನಡೆದ ವರ್ಣರಂಜಿತ ಸಮಾರಂಭದಲ್ಲಿ ಮಲೆನಾಡಿನ ಬೆಡಗಿ ನೆರೆದವರ ಕಣ್ಮನ ಸೆಳೆದು ಪ್ರತಿಷ್ಠಿತ ಕಿರೀಟ ಮುಡಿಗೇರಿಸಿಕೊಂಡಳು. 21ರ ಹರೆಯದ, 5 ಅಡಿ 9 ಇಂಚು ಎತ್ತರದ ಈ ಚೆಲುವೆಯ ತೂಕ ಕೇವಲ 50 ಕಿಲೊ. ರೈತ ಕುಟುಂಬದಿಂದ ಬಂದವಳಾದರೂ ಅರಳು ಹುರಿದಂತೆ ಇಂಗ್ಲಿಷ್ ಮಾತನಾಡಿ ತೀರ್ಪುಗಾರರ ಮನ ಗೆದ್ದಳು. ಸ್ಪರ್ಧೆಗಾಗಿ ಆರೇ ವಾರಗಳಲ್ಲಿ 12 ಕಿಲೊ ತೂಕ ಇಳಿಸಿದ್ದು ವಿಶೇಷ. ಬೆಳಿಗ್ಗೆ ನಿಂಬೆರಸ, ರಾತ್ರಿ ಬರೀ ಸೂಪು, ಇದೇ ತನ್ನ ಕಾಂತಿಯ ಗುಟ್ಟು ಎನ್ನುತ್ತಾಳೆ. ಸ್ಪರ್ಧೆಯ ಅಧಿಕೃತ ಚರ್ಮ ಚಿಕಿತ್ಸಾಲಯದ ತಜ್ಞರ ಪ್ರಕಾರ ಇಂಥ ತ್ವಚೆ ಎಲ್ಲರಿಗೂ ಸಾಧ್ಯ. ಬಂದ ಹಣದ ಒಂದು ಭಾಗ ಅನಾಥ ಮಕ್ಕಳ ನೆರವಿಗೆ ಹೋಗಲಿದೆ ಎನ್ನಲಾಗಿದೆ."

ಓದಲು ಹಿತವಾಗಿದೆ, ಅಲ್ಲವೇ? ಈಗ ಇದನ್ನು ರಕ್ತಪರೀಕ್ಷೆಯ ವರದಿಯಂತೆ ಸಾಲು ಸಾಲಾಗಿ ನೋಡೋಣ.

ವಿಶೇಷಣಗಳನ್ನು ಹೊಡೆದುಹಾಕಿ

ಪೆನ್ಸಿಲಿನಿಂದ ವರ್ಣರಂಜಿತ, ಬೆಡಗಿ, ಕಣ್ಮನ ಸೆಳೆದು, ಪ್ರತಿಷ್ಠಿತ, ಚೆಲುವೆ ಎಂಬ ಮಾತುಗಳ ಮೇಲೆ ಗೀಟು ಹಾಕಿ. ಉಳಿಯುವುದೇನು? ಒಂದು ಹೋಟೆಲಿನಲ್ಲಿ ಒಂದು ಸ್ಪರ್ಧೆ ನಡೆಯಿತು, ಒಬ್ಬರು ಗೆದ್ದರು. ಎಷ್ಟು ಮಂದಿ ಭಾಗವಹಿಸಿದ್ದರು, ತೀರ್ಪುಗಾರರು ಯಾರು, ಅವರು ಯಾವುದಕ್ಕೆ ಎಷ್ಟು ಅಂಕ ಕೊಟ್ಟರು ಎಂಬುದು ಇಲ್ಲ. 'ಪ್ರತಿಷ್ಠಿತ' ಎಂಬುದನ್ನು ಯಾರು ತೀರ್ಮಾನಿಸಿದರು? ಬಹಳ ಮಟ್ಟಿಗೆ ಸಂಘಟಕರು ಹಂಚಿದ ಪತ್ರಿಕಾ ಪ್ರಕಟಣೆಯೇ. ಒಂದೇ ಸ್ಪರ್ಧೆಯ ಸುದ್ದಿ ಎರಡು ಪತ್ರಿಕೆಗಳಲ್ಲಿ ಒಂದೇ ವಿಶೇಷಣಗಳೊಂದಿಗೆ ಬಂದಿದ್ದರೆ ಎರಡೂ ಕಡೆ ಆ ಪ್ರಕಟಣೆಯನ್ನೇ ಅಚ್ಚು ಹಾಕಲಾಗಿದೆ ಎಂದು ತಿಳಿಯಿರಿ.

ನಮ್ಮ ಭಾಷೆಯಲ್ಲಿ ಒಂದು ಸುಳಿವಿದೆ, ಕ್ರಿಯಾಪದದ ಕೊನೆ. ಕ್ರೀಡಾಪುಟದಲ್ಲಿ ಬ್ಯಾಟ್ಸ್‌ಮನ್ ಶತಕ 'ಬಾರಿಸಿದರು', ಚೆಸ್ ಆಟಗಾರ 'ಗೆದ್ದರು'. ಸುಂದರಿ ಮಾತ್ರ 'ಗೆದ್ದಳು', 'ಎನ್ನುತ್ತಾಳೆ', 'ಈಕೆ'. ಬಹುವಚನ ತಪ್ಪಿದ ಕೂಡಲೇ ಆಕೆ ನಮ್ಮ ಮನಸ್ಸಿನಲ್ಲಿ ಸಾಧನೆ ಮಾಡಿದ ವ್ಯಕ್ತಿಯಾಗಿ ಉಳಿಯದೆ ನೋಡುವ ವಸ್ತುವಾಗುತ್ತಾರೆ. ಬರೆದವರಿಗೆ ಅಂಥ ಉದ್ದೇಶ ಇಲ್ಲದಿರಬಹುದು. ಪೂರ್ವಗ್ರಹ ಎನ್ನುವುದು ಹೀಗೆ ಉದ್ದೇಶವಿಲ್ಲದೆಯೇ ಕೆಲಸ ಮಾಡುತ್ತದೆ.

ಇನ್ನೊಂದು ಸುಳಿವು 'ಆದರೂ'. ರೈತ ಕುಟುಂಬದಿಂದ ಬಂದವಳಾದರೂ ಇಂಗ್ಲಿಷ್, ಕಪ್ಪಾದರೂ ಲಕ್ಷಣ, ಮಗುವಾಗಿದ್ದರೂ ಮೈಮಾಟ. ಈ ಪದ ಕಂಡಲ್ಲೆಲ್ಲ ಒಂದು ಸುತ್ತು ಹಾಕಿ. ಅದರ ಎಡಕ್ಕಿರುವುದನ್ನು ಬರಹಗಾರರು ದೋಷವೆಂದು ಎಣಿಸಿದ್ದಾರೆ. ಓದುವ ಹುಡುಗಿಗೂ ಕಪ್ಪು ಬಣ್ಣ, ಹಳ್ಳಿ, ಹೆರಿಗೆ ಇವೆಲ್ಲ ದೋಷಗಳೆಂದು ಪಾಠವಾಗುತ್ತದೆ, ಆಕೆಗೆ ಅರಿವಾಗದ ಹಾಗೆ.

ಅಂಕಿಗಳು ಕಂಡರೆ ಲೆಕ್ಕ ಹಾಕಿ

ಈ ವರದಿಯಲ್ಲಿ ಆರೋಗ್ಯದ ದೃಷ್ಟಿಯಿಂದ ಅತ್ಯಂತ ಮುಖ್ಯವಾದ ಭಾಗ ಇದು. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

ತೂಕ ಸರಿಯಾಗಿದೆಯೇ ಎಂದು ನೋಡಲು ವೈದ್ಯರು ಬಳಸುವ ಸರಳ ಅಳತೆ ದೇಹತೂಕ ಸೂಚ್ಯಂಕ. ಕಿಲೊಗ್ರಾಂನಲ್ಲಿ ತೂಕವನ್ನು, ಮೀಟರಿನಲ್ಲಿ ಎತ್ತರದ ವರ್ಗದಿಂದ ಭಾಗಿಸಬೇಕು. ಬಂದ ಉತ್ತರ 18.5ಕ್ಕಿಂತ ಕಡಿಮೆ ಇದ್ದರೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಲ್ಲಿ ಅದು ಕೃಶತೆ, ಅಂದರೆ ತೂಕದ ಕೊರತೆ. 17ಕ್ಕಿಂತ ಕೆಳಗಿಳಿದರೆ ಮಧ್ಯಮ ಕೃಶತೆ, 16ಕ್ಕಿಂತ ಕೆಳಗೆ ತೀವ್ರ. ಭಾರತೀಯರಿಗೆ 18.5ರಿಂದ 23ರೊಳಗೆ ಇರುವುದು ಒಳ್ಳೆಯದೆಂದು ನಾವು ಹೇಳುತ್ತೇವೆ. (ಹತ್ತೊಂಬತ್ತು ತುಂಬದ ಮಕ್ಕಳಿಗೆ ಈ ಅಂಕಿಗಳನ್ನು ನೇರವಾಗಿ ಹಚ್ಚಬೇಡಿ. ಅವರಿಗೆ ವಯಸ್ಸಿಗೆ ತಕ್ಕ ಬೇರೆ ಕೋಷ್ಟಕವಿದೆ.)

ನಮ್ಮ ಕಲ್ಪಿತ ಸುಂದರಿಯ ಎತ್ತರ 5 ಅಡಿ 9 ಇಂಚು, ಅಂದರೆ ಸುಮಾರು 1.75 ಮೀಟರ್. ಅದರ ವರ್ಗ 3.06. ಐವತ್ತನ್ನು 3.06ರಿಂದ ಭಾಗಿಸಿ. ಬರುವ ಉತ್ತರ 16.3. ಹೆರಿಗೆ ವಾರ್ಡಿಗೆ ಇಷ್ಟು ಸೂಚ್ಯಂಕದ ಗರ್ಭಿಣಿ ಬಂದರೆ ಡಾಕ್ಟರು ಗಾಬರಿಯಾಗುತ್ತಾರೆ. ವರದಿಯಲ್ಲಿ ಅದೇ ಅಂಕಿಯ ಹಿಂದೆ 'ಕೇವಲ' ಎಂಬ ಹೊಗಳಿಕೆಯಿದೆ.

ಈಗ ಲೆಕ್ಕವನ್ನು ಹಿಂದಕ್ಕೆ ಓಡಿಸಿ. ಆರು ವಾರಗಳ ಹಿಂದೆ ಆಕೆಯ ತೂಕ 62 ಕಿಲೊ ಇತ್ತೆಂದು ವರದಿಯೇ ಹೇಳುತ್ತದೆ. ಆಗಿನ ಸೂಚ್ಯಂಕ 20.2, ಹೇಳಿ ಮಾಡಿಸಿದಂಥ ಆರೋಗ್ಯಕರ ತೂಕ. ಆರು ವಾರಗಳಲ್ಲಿ ಒಬ್ಬ ಆರೋಗ್ಯವಂತ ಯುವತಿ ಕೃಶಳಾದದ್ದನ್ನು ವರದಿಗಾರರು 'ವಿಶೇಷ' ಎಂಬ ಒಂದು ಪದದಲ್ಲಿ ಮುಗಿಸಿದ್ದಾರೆ! ನಿಜವಾಗಿಯೂ ತೂಕ ಹೆಚ್ಚಿದ್ದವರಿಗೆ ಸಹ ವಾರಕ್ಕೆ ಅರ್ಧದಿಂದ ಒಂದು ಕಿಲೊಗಿಂತ ಹೆಚ್ಚು ಇಳಿಸಲು ನಾವು ಹೇಳುವುದಿಲ್ಲ. ಇಲ್ಲಿ ವಾರಕ್ಕೆ ಎರಡು ಕಿಲೊ. ಹಾಗೆ ಅವಸರದಲ್ಲಿ ಇಳಿದದ್ದರಲ್ಲಿ ಕೊಬ್ಬಿನ ಜೊತೆಗೆ ನೀರು ಮತ್ತು ಸ್ನಾಯುವಿನ ಪಾಲೂ ದೊಡ್ಡದು. ಪಿತ್ತಕೋಶದಲ್ಲಿ ಕಲ್ಲು ಬೆಳೆಯಬಹುದು. ಮುಟ್ಟು ನಿಲ್ಲಬಹುದು. ಮುಟ್ಟು ತಿಂಗಳುಗಟ್ಟಲೆ ನಿಂತರೆ ಮೂಳೆಗಳು ಸವೆಯತೊಡಗುತ್ತವೆ, ಅದೂ ಮೂಳೆ ಗಟ್ಟಿಯಾಗಬೇಕಾದ ವಯಸ್ಸಿನಲ್ಲಿ. ಕೂದಲು ಉದುರುತ್ತದೆ, ಆದರೆ ಕೂಡಲೇ ಅಲ್ಲ, ಎರಡು ಮೂರು ತಿಂಗಳ ನಂತರ. ಫೋಟೊ ತೆಗೆದ ರಾತ್ರಿ ಕೇಶರಾಶಿ ಸೊಂಪಾಗಿಯೇ ಇರುತ್ತದೆ. ಉದುರುವ ಹೊತ್ತಿಗೆ ಛಾಯಾಗ್ರಾಹಕರು ಮುಂದಿನ ಸ್ಪರ್ಧೆಗೆ ಹೋಗಿರುತ್ತಾರೆ.

ಇದು ಬರೀ ಕಲ್ಪನೆಯ ಲೆಕ್ಕವಲ್ಲ. ಅಮೆರಿಕದ ಇಬ್ಬರು ಸಂಶೋಧಕರು 1922ರಿಂದ 1999ರವರೆಗೆ 'ಮಿಸ್ ಅಮೆರಿಕ' ಆದವರ ಎತ್ತರ, ತೂಕಗಳನ್ನು ಕಲೆಹಾಕಿ 2000ದಲ್ಲಿ ಆ ದೇಶದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. 1920ರ ದಶಕದ ವಿಜೇತರ ಸೂಚ್ಯಂಕ ಇಂದು ನಾವು ಆರೋಗ್ಯಕರ ಎನ್ನುವ ಮಟ್ಟದಲ್ಲಿತ್ತು. ದಶಕಗಳು ಕಳೆದಂತೆ ಅದು ಇಳಿಯುತ್ತಾ ಹೋಗಿ, 18.5ರ ಗೆರೆಗಿಂತ ಕೆಳಗಿನವರ ಸಂಖ್ಯೆ ಏರುತ್ತಾ ಹೋಯಿತು. ಇವರು ಅಪೌಷ್ಟಿಕತೆಯ ಮಾದರಿಗಳೇ ಎಂದು ಆ ಬರಹದ ಶೀರ್ಷಿಕೆಯೇ ಕೇಳಿತ್ತು.

ಎತ್ತರದ ವಿಷಯ ಎರಡೇ ಮಾತು. ಭಾರತೀಯ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ ಐದು ಅಡಿ. ಹರೆಯದ ಬೆಳವಣಿಗೆ ಮುಗಿದ ಮೇಲೆ ಯಾವ ಟಾನಿಕ್ಕೂ ಯಾವ ನೇತಾಟವೂ ಅದನ್ನು ಹೆಚ್ಚಿಸದು.

'ಗುಟ್ಟು', 'ತಜ್ಞರು', 'ಕಾಂತಿ'

ನಿಂಬೆರಸಕ್ಕೆ ಬನ್ನಿ. ನಿಂಬೆಯಲ್ಲಿ ಸಿ ಜೀವಸತ್ವವಿದೆ, ಬೇಸಿಗೆಯಲ್ಲಿ ಪಾನಕಕ್ಕೆ ಸೊಗಸು. ಅದು ಕೊಬ್ಬನ್ನು ಕರಗಿಸುವುದಿಲ್ಲ. ಬೆಚ್ಚಗಿನ ನೀರಿಗೆ ಜೇನು ಸೇರಿಸಿದರೂ ಕರಗಿಸುವುದಿಲ್ಲ. 'ಗುಟ್ಟು', 'ರಹಸ್ಯ' ಎಂಬ ಪದ ಕಂಡರೆ ಒಂದು ವಿಷಯ ನೆನಪಿಡಿ: ಗೆದ್ದವರೊಬ್ಬರು ಏನು ತಿಂದರು ಎಂಬುದು ಆ ಊಟದಿಂದಲೇ ಗೆದ್ದರು ಎಂಬುದಕ್ಕೆ ಸಾಕ್ಷಿಯಲ್ಲ. ಅದೇ ಸೂಪು ಕುಡಿದು ಸೋತವರ ಸಂದರ್ಶನ ಯಾರೂ ಮಾಡುವುದಿಲ್ಲ. ನಮ್ಮ ದೇಶದಲ್ಲಿ ಈ 'ಗುಟ್ಟಿ'ಗೆ ಇನ್ನೂ ದುಬಾರಿ ಬೆಲೆಯಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ಇಂಥ ಮನೆಯ ಹುಡುಗಿ ಸೊಪ್ಪಿನ ಸಾರು, ಮುದ್ದೆ, ಮೊಟ್ಟೆ ಬಿಟ್ಟು ನಿಂಬೆ ನೀರಿಗೆ ಇಳಿದರೆ ಇದ್ದಬದ್ದ ಕಬ್ಬಿಣಾಂಶವೂ ಹೋಗುತ್ತದೆ.

'ತಜ್ಞರ ಪ್ರಕಾರ' ಎಂದಾಗ ಯಾವ ತಜ್ಞರು, ಅವರ ಹೆಸರು, ಓದು ಏನು ಎಂದು ಕೇಳಿಕೊಳ್ಳಿ. ನಮ್ಮ ವರದಿಯ ತಜ್ಞರು 'ಅಧಿಕೃತ ಚಿಕಿತ್ಸಾಲಯ'ದವರು. ಅಧಿಕೃತ ಎಂದರೆ ಸರ್ಕಾರ ಒಪ್ಪಿದ್ದು ಎಂದಲ್ಲ, ಸ್ಪರ್ಧೆಯೊಂದಿಗೆ ವ್ಯವಹಾರ ಕುದುರಿಸಿಕೊಂಡದ್ದು ಎಂದು. ಹಾಗೆಯೇ ಕೆನೆಯ ಡಬ್ಬಿಯ ಮೇಲಿನ 'ಚರ್ಮತಜ್ಞರಿಂದ ಪರೀಕ್ಷಿತ' ಎಂಬ ಮಾತು ಬಹುಮಟ್ಟಿಗೆ ತುರಿಕೆ, ಉರಿ ಬರುವುದೇ ಎಂದು ನೋಡಿದ ಪರೀಕ್ಷೆಯನ್ನು ಹೇಳುತ್ತದೆ. ಕೆನೆ ಫಲ ಕೊಡುತ್ತದೆ ಎಂಬುದಕ್ಕೆ ಅದು ಪ್ರಮಾಣಪತ್ರವಲ್ಲ.

'ಕಾಂತಿ' ಎಂಬ ಪದಕ್ಕೆ ಒಂದು ಚರಿತ್ರೆಯೇ ಇದೆ. ಹಿಂದೆ ಜಾಹೀರಾತುಗಳು ನೇರವಾಗಿ 'ಬೆಳ್ಳಗಾಗಿ' ಎನ್ನುತ್ತಿದ್ದವು. ಚರ್ಮದ ಬಣ್ಣದ ಕಾರಣಕ್ಕೆ ಯಾರನ್ನೂ ಕೀಳಾಗಿ ತೋರಿಸಬಾರದು ಎಂದು 2014ರಲ್ಲಿ ಜಾಹೀರಾತು ಉದ್ಯಮದ ಸ್ವಯಂ ನಿಯಂತ್ರಣ ಮಂಡಳಿ ಮಾರ್ಗಸೂಚಿ ತಂದಿತು. 1975ರಿಂದ ಮಾರಾಟವಾಗುತ್ತಿದ್ದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಬಿಳುಪು ಹೋಗಿ ಹೊಳಪು, ತೇಜಸ್ಸು, ಕಾಂತಿ ಬಂದವು. ಅಂಗಡಿಯಲ್ಲಿ ಕೈಚಾಚುವವರ ಮನಸ್ಸಿನಲ್ಲಿ ಅರ್ಥ ಬದಲಾಗಿದೆಯೇ ಎಂಬುದನ್ನು ನೀವೇ ಹೇಳಿ. ಈ ಹಂಬಲದಲ್ಲಿ ಹೆಸರು ದೆಸೆಯಿಲ್ಲದ ಕೆನೆಗಳನ್ನು ಕೊಳ್ಳುವುದು ಮಾತ್ರ ನಿಜಕ್ಕೂ ಅಪಾಯ. ಕೇರಳದ ಮಲಪ್ಪುರಂ ಜಿಲ್ಲೆಯ ಮೂತ್ರಪಿಂಡ ತಜ್ಞರು 2021ರಿಂದ 2023ರ ನಡುವೆ ಒಂದು ಬಗೆಯ ಮೂತ್ರಪಿಂಡ ರೋಗದ 22 ರೋಗಿಗಳನ್ನು ಗಮನಿಸಿದರು. ಅವರಲ್ಲಿ 15 ಮಂದಿಯಲ್ಲಿ ರೋಗದ ಒಂದು ಅಪರೂಪದ ರೂಪ ಕಂಡಿತು. ಆ 15ರಲ್ಲಿ 13 ಮಂದಿ ಬಿಳುಪಿನ ಕೆನೆ ಹಚ್ಚುತ್ತಿದ್ದವರು. ಇಂಥ ಕೆನೆಗಳಲ್ಲಿ ಸೇರಿಸುವ ಪಾದರಸವೇ ಅಪರಾಧಿ. ಕಾಲು ಊತ, ಮೂತ್ರದಲ್ಲಿ ನೊರೆ ಕಂಡರೆ ಕೆನೆಯ ಡಬ್ಬಿಯನ್ನೂ ಡಾಕ್ಟರ ಬಳಿಗೆ ತೆಗೆದುಕೊಂಡು ಹೋಗಿ.

ದುಡ್ಡು ಯಾರದು?

ಔಷಧಿ ಶೀಶೆಯಲ್ಲಿ ತಯಾರಕರ ಹೆಸರು ನೋಡುವ ಹಾಗೆ ಈ ಸುದ್ದಿಯಲ್ಲೂ ಹುಡುಕಬೇಕು. ಸುಂದರಿ ಸ್ಪರ್ಧೆ ಎನ್ನುವುದು ಮೊದಲು ಕಲೆಯಾಗಿದ್ದು ಆಮೇಲೆ ವ್ಯಾಪಾರಕ್ಕೆ ತಿರುಗಿತು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಅದು ಹುಟ್ಟಿದ್ದೇ ವ್ಯಾಪಾರಕ್ಕಾಗಿ. 1921ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ವರ್ತಕರು ಬೇಸಿಗೆ ಮುಗಿದರೂ ಪ್ರವಾಸಿಗರು ಊರು ಬಿಡದಿರಲೆಂದು ಮಾಡಿದ ಉಪಾಯವೇ ಮಿಸ್ ಅಮೆರಿಕ. ವಿಶ್ವಸುಂದರಿ ಸ್ಪರ್ಧೆಯನ್ನು 1951ರಲ್ಲಿ ಲಂಡನ್ನಿನಲ್ಲಿ ಶುರುಮಾಡಿದ ಎರಿಕ್ ಮಾರ್ಲಿ ನೃತ್ಯಶಾಲೆಗಳನ್ನು ನಡೆಸುತ್ತಿದ್ದ ಮೆಕ್ಕಾ ಕಂಪನಿಯವರು. ಭುವನಸುಂದರಿ ಸ್ಪರ್ಧೆಯ ಕಥೆ ಇನ್ನೂ ಸ್ವಾರಸ್ಯ. 1951ರ ಮಿಸ್ ಅಮೆರಿಕ ಯೊಲಾಂಡ್ ಬೆಟ್‌ಬೀಜ್ ಈಜುಡುಗೆ ತೊಟ್ಟು ಪ್ರಚಾರಕ್ಕೆ ಬರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಸಿಟ್ಟಾದ ಈಜುಡುಗೆ ಕಂಪನಿ ಆ ಸ್ಪರ್ಧೆಗೆ ಕೊಡುತ್ತಿದ್ದ ಹಣ ನಿಲ್ಲಿಸಿ, 1952ರಲ್ಲಿ ತನ್ನದೇ ಸ್ಪರ್ಧೆ ಆರಂಭಿಸಿತು. ಭೂಲೋಕಕ್ಕಷ್ಟೇ ಅಲ್ಲ, ಇಡೀ ಬ್ರಹ್ಮಾಂಡಕ್ಕೆ ಸುಂದರಿಯನ್ನು ಆರಿಸುವ ಕೆಲಸ ಈಜುಡುಗೆ ಮಾರುವವರ ಮುನಿಸಿನಿಂದ ಶುರುವಾಯಿತು.

ಭಾರತದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. 1964ರಿಂದ ಮಿಸ್ ಇಂಡಿಯಾ ಸ್ಪರ್ಧೆ ನಡೆಸುತ್ತಾ ಬಂದ ಫೆಮಿನಾ, ಟೈಮ್ಸ್ ಆಫ್ ಇಂಡಿಯಾ ಬಳಗದ ಮಹಿಳಾ ಪತ್ರಿಕೆ. ಸ್ಪರ್ಧೆ ನಡೆಸುವವರೂ ಸುದ್ದಿ ಬರೆಯುವವರೂ ಒಂದೇ ಸೂರಿನವರಾದಾಗ ವರದಿಯಲ್ಲಿ ಸಂಭ್ರಮ ಎದ್ದು ಕಾಣುವುದು ಸಹಜ. ಮನೆಯ ಮದುವೆಯ ಊಟ ಚೆನ್ನಾಗಿರಲಿಲ್ಲ ಎಂದು ಮನೆಯವರು ಹೇಳುವುದುಂಟೇ? ಅದು ತಪ್ಪೆನ್ನುವುದಕ್ಕಿಂತ, ಓದುವಾಗ ನಿಮಗೆ ಅದು ತಿಳಿದಿರಬೇಕು. ಬೇರೆ ಪತ್ರಿಕೆ, ವಾಹಿನಿಗಳಲ್ಲೂ ಸುದ್ದಿಯ ಕೊನೆಯಲ್ಲಿ 'ಮಾಧ್ಯಮ ಸಹಭಾಗಿ' ಯಾರೆಂದು ನೋಡಿ.

ಜಾಹೀರಾತನ್ನು ಸುದ್ದಿಯಿಂದ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಬೇಕು ಎಂಬುದು ಭಾರತೀಯ ಪತ್ರಿಕಾ ಮಂಡಳಿಯ ನಿಯಮ. ಹಾಗೆ ತೋರಿಸುವ ಅಕ್ಷರಗಳು ಮಾತ್ರ ಕೆಲವೊಮ್ಮೆ ಇರುವೆಯಷ್ಟು ಸಣ್ಣವು. ಕೆಲವು ಇಂಗ್ಲಿಷ್ ಪತ್ರಿಕೆಗಳ ನಗರ ಪುರವಣಿಯ ಶಿರೋನಾಮೆಯ ಕೆಳಗೆ, ಇದು ಮನರಂಜನೆಯ ಪ್ರಚಾರ ಬರಹಗಳ ಪುಟ ಎಂಬರ್ಥದ ಸಾಲು ಇರುತ್ತದೆ. ಕನ್ನಡಕ ಹಾಕಿಕೊಂಡು ಒಮ್ಮೆ ಹುಡುಕಿ. 'ಪ್ರಾಯೋಜಿತ', 'ವಿಶೇಷ ಪುರವಣಿ', 'ಸಹಯೋಗದಲ್ಲಿ' ಎಂಬವೂ ಇದೇ ಜಾತಿಯವು. ಇನ್ನು ಉಪ ಪ್ರಶಸ್ತಿಗಳು. ಸುಂದರ ನಗು, ಸುಂದರ ಕೇಶ, ಸುಂದರ ತ್ವಚೆ ಎಂಬ ಪ್ರಶಸ್ತಿಗಳ ಜೊತೆಗೆ ಅನೇಕ ಸಲ ಒಂದು ಹಲ್ಲುಪುಡಿ, ಎಣ್ಣೆ ಅಥವಾ ಕೆನೆಯ ಹೆಸರು ಅಂಟಿಕೊಂಡಿರುತ್ತದೆ. ಪ್ರಶಸ್ತಿಯ ಹೆಸರನ್ನು ಅಚ್ಚು ಹಾಕಿದರೆ ಜಾಹೀರಾತೂ ಪುಕ್ಕಟೆಯಾಗಿ ಅಚ್ಚಾದಂತೆಯೇ.

ಫೋಟೊದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸೊಂಟ ಸಣ್ಣದಾಗಿಸಲು, ಬಣ್ಣ ತಿಳಿಯಾಗಿಸಲು ಈಗ ಮೊಬೈಲ್ ಸಾಕು. ಫ್ರಾನ್ಸಿನಲ್ಲಿ ರೂಪದರ್ಶಿಯ ಮೈಕಟ್ಟನ್ನು ತಿದ್ದಿದ ಜಾಹೀರಾತು ಚಿತ್ರಕ್ಕೆ 'ತಿದ್ದಿದ ಚಿತ್ರ' ಎಂದು ನಮೂದಿಸುವುದು 2017ರಿಂದ ಕಡ್ಡಾಯ.

ಬೆಂಗಳೂರಿನಲ್ಲಿ ನಡೆದಾಗ

1994ರಲ್ಲಿ ಸುಶ್ಮಿತಾ ಸೇನ್ ಭುವನಸುಂದರಿ, ಐಶ್ವರ್ಯಾ ರೈ ವಿಶ್ವಸುಂದರಿಯಾದ ಮೇಲೆ ನಮ್ಮ ಪತ್ರಿಕೆಗಳಲ್ಲಿ ಈ ಸುದ್ದಿಗಳ ಭರಾಟೆ ಏರಿತು. ಎರಡೇ ವರ್ಷದಲ್ಲಿ, 1996ರ ನವೆಂಬರ್ 23ರಂದು ವಿಶ್ವಸುಂದರಿ ಸ್ಪರ್ಧೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೇ ಬಂದಿತು. ನಡೆಸಿದ್ದು ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ. ಜೆ.ಎಚ್. ಪಟೇಲರು ಮುಖ್ಯಮಂತ್ರಿ. 88 ದೇಶಗಳ ಸ್ಪರ್ಧಿಗಳು ಬಂದಿದ್ದರು, ಗೆದ್ದವರು ಗ್ರೀಸಿನ ಐರೀನ್ ಸ್ಕ್ಲಿವಾ. ಮಹಿಳಾ ಸಂಘಟನೆಗಳು, ರೈತ ಸಂಘ, ರಾಜಕೀಯ ಪಕ್ಷಗಳು ಬೇರೆ ಬೇರೆ ಕಾರಣಗಳಿಗೆ ವಿರೋಧಿಸಿದವು. ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಸಾಗಿಸಲಾಯಿತು.

ಆ ದಿನಗಳನ್ನು ನೆನಪಿಸಿಕೊಳ್ಳುವ ಓದುಗರು ಎರಡು ಬಗೆಯ ಭಾಷೆಯನ್ನೂ ನೆನಪಿಸಿಕೊಳ್ಳಬಹುದು. ಒಂದು, ರಾಜ್ಯಕ್ಕೆ ಕೀರ್ತಿ, ಪ್ರವಾಸೋದ್ಯಮಕ್ಕೆ ಹಣ, ಜಗತ್ತಿನ ಕಣ್ಣು ನಮ್ಮ ಮೇಲೆ ಎಂಬ ಸಡಗರದ ಭಾಷೆ. ಎರಡು, ಸಂಸ್ಕೃತಿ ಹಾಳಾಯಿತು, ಮಾನ ಹೋಯಿತು ಎಂಬ ಕೋಪದ ಭಾಷೆ. ಎರಡನೆಯದು ಪ್ರಚಾರವಲ್ಲ, ನಿಜ. ಆದರೆ ಅದರಲ್ಲೂ ಪೂರ್ವಗ್ರಹವಿದೆ: ಹೆಣ್ಣಿನ ಮೈ ಮನೆತನದ ಮಾನದ ಗಂಟು ಎಂಬ ಎಣಿಕೆ. ಹೊಗಳುವವರೂ ಬೈಯುವವರೂ ನೋಡುವುದು ಅದೇ ಮೈಯನ್ನು. ಆ ಮೈಯೊಳಗಿನ ಹುಡುಗಿ ಸರಿಯಾಗಿ ಊಟ ಮಾಡಿದ್ದಾಳೆಯೇ ಎಂಬ ಪ್ರಶ್ನೆ ಎರಡು ಭಾಷೆಗಳಲ್ಲೂ ಹೊರಗೇ ಉಳಿಯುತ್ತದೆ. ಮಹಿಳಾ ಸಂಘಟನೆಗಳಲ್ಲಿ ಕೆಲವು ಮಾತ್ರ, ಪ್ರಸಾಧನ ಸಾಮಗ್ರಿ ಮಾರುವವರಿಗೆ ಇದರಿಂದ ಏನು ಲಾಭ ಎಂದು ಕೇಳಿದವು.

ಇನ್ನು ಹಣದ ಭವಿಷ್ಯವಾಣಿ. ಸ್ಪರ್ಧೆ ನಡೆಸಿದ ಕಂಪನಿಯೇ ನಂತರದ ವರ್ಷಗಳಲ್ಲಿ ತೀವ್ರ ಆರ್ಥಿಕ ಸಂಕಷ್ಟಕ್ಕೆ ಸಿಲುಕಿತು. 2025ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗಲೂ ಪ್ರವಾಸೋದ್ಯಮದ ಅದೇ ಮಾತುಗಳು ಕೇಳಿಬಂದವು. ಅಲ್ಲಿ ಇಂಗ್ಲೆಂಡಿನ ಸ್ಪರ್ಧಿ ನಡುವೆಯೇ ಹಿಂದಿರುಗಿ, ಪ್ರಾಯೋಜಕರನ್ನು ರಂಜಿಸಲು ಕೂರಿಸಿದ ಹಾಗಾಗಿತ್ತು ಎಂದು ದೂರಿದರು. ಸಂಘಟಕರು ಅದನ್ನು ಅಲ್ಲಗಳೆದರು. ಇಂಥ ಸಂದರ್ಭದಲ್ಲಿ ಒಂದೇ ಕಡೆಯ ಮಾತನ್ನು ಅಚ್ಚು ಹಾಕಿದ ವರದಿಯನ್ನು, ಅದು ಯಾವ ಕಡೆಯದೇ ಇರಲಿ, ಅರ್ಧ ವರದಿ ಎಂದೇ ಎಣಿಸಿ. ದಾನಧರ್ಮದ ಮಾತಿಗೂ ಇದೇ ಅಳತೆ. 'ಒಂದು ಭಾಗ' ಎಂದರೆ ಎಷ್ಟು? 'ಹೋಗಲಿದೆ ಎನ್ನಲಾಗಿದೆ' ಎಂದರೆ ಯಾರು ಅಂದದ್ದು? ಹೋಯಿತೇ ಎಂದು ಆರು ತಿಂಗಳ ನಂತರ ಬರೆದ ವರದಿ ಸಿಕ್ಕರೆ ಅದು ಪತ್ರಿಕೋದ್ಯಮ.

ಬರೆಯದೆ ಉಳಿದದ್ದು

2021ರ ಡಿಸೆಂಬರಿನಲ್ಲಿ ಹರ್ನಾಜ್ ಸಂಧು ಭುವನಸುಂದರಿಯಾದರು. ಕೆಲವೇ ತಿಂಗಳುಗಳಲ್ಲಿ, 2022ರ ಮಾರ್ಚಿನಲ್ಲಿ, ಅವರ ತೂಕ ಹೆಚ್ಚಿದೆ ಎಂದು ಜನ ಆಡಿಕೊಂಡರು. ಆ ಕುಹಕವೇ ಸುದ್ದಿಯೂ ಆಯಿತು. ಆಗ ಅವರು ತಮಗೆ ಸೀಲಿಯಕ್ ರೋಗವಿದೆ ಎಂದು ಬಹಿರಂಗವಾಗಿ ಹೇಳಬೇಕಾಯಿತು. ಗೋಧಿ, ಬಾರ್ಲಿಗಳಲ್ಲಿರುವ ಗ್ಲೂಟೆನ್ ಎಂಬ ಅಂಶಕ್ಕೆ ಸಣ್ಣ ಕರುಳು ಮುನಿದು ತನ್ನ ಒಳಪದರವನ್ನೇ ಹಾಳುಮಾಡಿಕೊಳ್ಳುವ ಕಾಯಿಲೆ ಇದು. ಜೀವನವಿಡೀ ಗ್ಲೂಟೆನ್ ಬಿಡುವುದೇ ಚಿಕಿತ್ಸೆ. (ನಮ್ಮ ಅಕ್ಕಿ, ರಾಗಿ, ಜೋಳಗಳಲ್ಲಿ ಗ್ಲೂಟೆನ್ ಇಲ್ಲ. ಉತ್ತರದವರಿಗಿಂತ ನಮಗೆ ಈ ಪಥ್ಯ ಸುಲಭ.) ಕಿರೀಟ ಗೆದ್ದ ದಿನದ ದೇಹವನ್ನು ಆದರ್ಶವೆಂದು ಎತ್ತಿ ತೋರಿಸಿದರೆ, ಆ ದೇಹ ಮೂರು ತಿಂಗಳಲ್ಲಿ ಸಹಜವಾಗಿ ಬದಲಾದಾಗ ಅದೇ ಅಪರಾಧವಾಗುತ್ತದೆ.

ವಿಜೇತರ ಮುಂದಿನ ಬದುಕಿನ ಬಗೆಗೂ ಸುದ್ದಿಗೆ ಆಸಕ್ತಿ ಕಡಿಮೆ. 1966ರಲ್ಲಿ ವಿಶ್ವಸುಂದರಿಯಾದ ಮೊದಲ ಭಾರತೀಯರು ರೀಟಾ ಫರಿಯಾ, ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿನಿ. ಒಂದು ವರ್ಷ ಮುಗಿದ ಮೇಲೆ ಸಿನಿಮಾ, ಜಾಹೀರಾತು ಬೇಡವೆಂದು ಓದಿಗೆ ಮರಳಿ ಡಾಕ್ಟರಾದರು. ಅವರ ಹೆಸರನ್ನು ಇಂದಿನ ಎಷ್ಟು ಹುಡುಗಿಯರು ಬಲ್ಲರು?

ಮನೆಯಲ್ಲಿ ಏನು ನೋಡಬೇಕು

ಪತ್ರಿಕೆ, ಟಿ.ವಿ. ನೋಡಿ ಯಾರಾದರೂ ಕಾಯಿಲೆ ಬೀಳುತ್ತಾರೆಯೇ ಎಂದು ನೀವು ಕೇಳಬಹುದು. ಫಿಜಿ ದ್ವೀಪದಲ್ಲಿ ತುಂಬಿದ ಮೈಯೇ ಚೆಲುವು ಎಂಬ ನಂಬಿಕೆ ತಲೆತಲಾಂತರದಿಂದ ಇತ್ತು. ಅಲ್ಲಿನ ಒಂದು ಪ್ರಾಂತಕ್ಕೆ ಟಿ.ವಿ. ಬಂದದ್ದು 1995ರಲ್ಲಿ. ಆಗ ಮತ್ತು 1998ರಲ್ಲಿ ಸಂಶೋಧಕರು ಶಾಲಾ ಬಾಲಕಿಯರನ್ನು ಪ್ರಶ್ನಿಸಿದರು. ತೂಕ ಇಳಿಸಲು ಬೇಕೆಂದೇ ವಾಂತಿ ಮಾಡಿಕೊಳ್ಳುವವರು ಮೊದಲ ಸಲ ಒಬ್ಬರೂ ಇರಲಿಲ್ಲ. ಮೂರು ವರ್ಷಗಳ ನಂತರ ನೂರಕ್ಕೆ 11 ಮಂದಿ ಇದ್ದರು. ಎರಡೂ ಸಲ ಅರುವತ್ತೈದರ ಆಸುಪಾಸಿನಷ್ಟೇ ಹುಡುಗಿಯರನ್ನು ಕೇಳಿದ ಸಣ್ಣ ಅಧ್ಯಯನ ಇದು, ಟಿ.ವಿ.ಯೊಂದೇ ಕಾರಣ ಎಂದು ಹೇಳಲು ಸಾಲದು. ಆದರೆ ಅಲಕ್ಷಿಸುವಂಥದ್ದೂ ಅಲ್ಲ.

ಈ ಲಕ್ಷಣಗಳಿಗೆ ಗಮನ ಕೊಡಿ: ಮನೆಯವರ ಜೊತೆ ಕೂತು ಉಣ್ಣುವುದನ್ನು ತಪ್ಪಿಸಿಕೊಳ್ಳುವುದು, ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ದಿನಕ್ಕೆ ನಾಲ್ಕಾರು ಸಲ ತೂಕ ನೋಡಿಕೊಳ್ಳುವುದು, ಸೆಕೆಯಲ್ಲೂ ಚಳಿ ಎನ್ನುವುದು, ಮುಟ್ಟು ನಿಲ್ಲುವುದು, ತಲೆಸುತ್ತು, ಕೆನ್ನೆಯ ಹಿಂಭಾಗ ಊದಿಕೊಳ್ಳುವುದು, ಹಲ್ಲುಗಳು ಸವೆಯುವುದು. ಕೊನೆಯ ಎರಡು ಪದೇ ಪದೇ ವಾಂತಿ ಮಾಡಿಕೊಳ್ಳುವವರ ಗುರುತು. ವಾಂತಿಯಿಂದ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದರೆ ಹೃದಯದ ಬಡಿತವೇ ತಪ್ಪಬಹುದು. ಇದನ್ನು ಹುಡುಗಿಯ ಹಟ, ಷೋಕಿ ಎಂದು ಬೈದು ಬಿಡಬೇಡಿ. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಊಟ ತೊರೆಯುವ ಅನೊರೆಕ್ಸಿಯಾ ಒಂದು. ಗಂಡು ಹುಡುಗರಿಗೂ ಬರುತ್ತದೆ.

ಊಟದ ಹೊತ್ತಿನಲ್ಲಿ ಮೈಯ ಮಾತು ಬೇಡ. 'ದಪ್ಪಗಾಗಿದ್ದೀಯ' ಎಂಬುದಷ್ಟೇ ಅಲ್ಲ, 'ಸಣ್ಣಗಾಗಿ ಎಷ್ಟು ಚೆಂದ ಕಾಣ್ತೀಯ' ಎಂಬ ಅತ್ತೆ ಚಿಕ್ಕಮ್ಮಂದಿರ ಮೆಚ್ಚುಗೆಯೂ ಬೇಡ. ಸುಂದರಿ ಸ್ಪರ್ಧೆಯ ಪುಟವನ್ನು ಕಿತ್ತು ಬಚ್ಚಿಡುವುದರಿಂದಲೂ ಪ್ರಯೋಜನವಿಲ್ಲ. ಮಗಳ ಜೊತೆ ಕೂತು ಅದೇ ಸುದ್ದಿಯ ಎತ್ತರ, ತೂಕಗಳ ಲೆಕ್ಕ ಹಾಕಿ. ಹೈಸ್ಕೂಲಿನ ಹುಡುಗಿಗೆ ಅದು ಎರಡು ನಿಮಿಷದ ಗಣಿತ.

ಅನುಮಾನ ಬಂದರೆ ಮೊದಲು ನಿಮ್ಮ ಕುಟುಂಬ ವೈದ್ಯರನ್ನೇ ಕಾಣಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಹಣವಿಲ್ಲದೆ ಸಲಹೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಜಿಲ್ಲಾ ಆಸ್ಪತ್ರೆಗಳ ಮನೋರೋಗ ವಿಭಾಗಗಳಲ್ಲಿಯೂ ಇದಕ್ಕೆ ಚಿಕಿತ್ಸೆಯಿದೆ. ಹೋಗುವಾಗ ಕಳೆದ ಆರು ತಿಂಗಳ ಮುಟ್ಟಿನ ತಾರೀಖುಗಳು, ಈಗಿನ ಮತ್ತು ಹಿಂದಿನ ತೂಕ, ಸೇವಿಸುತ್ತಿರುವ ಮಾತ್ರೆ, ಪುಡಿ, ಹಚ್ಚುತ್ತಿರುವ ಕೆನೆ ಇವಿಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.